ಕಾರಿನ ಆಯಿಲ್ ಬೈಕಿಗೆ ಹಾಕಿದ್ರೆ ಏನಾಗುತ್ತೆ? ಡಬ್ಬಿಯ ಹಿಂಬದಿಯ ಸಣ್ಣ ಅಕ್ಷರಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಶುರುವಾಗೋದು ನಾನೇ ಮಾಡಿಕೊಂಡ ಒಂದು ಎಡವಟ್ಟಿನಿಂದ.

ಹೋದ ವರ್ಷ ನಮ್ಮ ಭಾವನ ಕಾರಿನ ಸರ್ವೀಸ್ ಆಯ್ತು. ಆಯಿಲ್ ಡಬ್ಬಿ ದೊಡ್ಡದು, ಕಾರು ಕುಡಿದಷ್ಟು ಕುಡಿದು ಒಂದೂವರೆ ಲೀಟರಿನಷ್ಟು ಉಳೀತು. ಫುಲ್ ಸಿಂಥೆಟಿಕ್, 5ಡಬ್ಲ್ಯು-30, ದುಬಾರಿ ಮಾಲು. ನನ್ನ ಬೈಕಿಗೆ ಬೇಕಾಗೋದು ಒಂದೇ ಲೀಟರ್. ಬಿ.ಕಾಂ. ಓದಿದ ತಲೆ, ಕೇಳಬೇಕಾ? ನಾನೂರು ರೂಪಾಯಿ ಲಾಭ ಅಂತ ಲೆಕ್ಕ ಹಾಕಿ, ಮನೆ ಮುಂದೆ ಕೂತು ನಾನೇ ಆಯಿಲ್ ಚೇಂಜ್ ಮಾಡಿದೆ. ಮೂರ್ನಾಲ್ಕು ವಾರ ಬೈಕು ಬೆಣ್ಣೆಯ ಹಾಗೆ ಓಡ್ತು. ಗೆಳೆಯರ ಹತ್ರ ಜಂಬ ಕೂಡ ಕೊಚ್ಚಿಕೊಂಡೆ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ, ಹಿಂದೆ ಫ್ರೆಂಡ್ ಕೂತಿದ್ದಾನೆ, ನಂದಿ ಬೆಟ್ಟದ ಏರು. ಆಕ್ಸಿಲರೇಟರ್ ತಿರುಗಿಸಿದರೆ ಎಂಜಿನ್ ಕಿರುಚುತ್ತೆ, ಗಾಡಿ ಮಾತ್ರ ಮುಂದೆ ಹೋಗ್ತಿಲ್ಲ. ತಿರುವಿನಲ್ಲಿ ಹಿಂದೆ ಕಾರುಗಳ ಸಾಲು, ಹಾರ್ನ್ ಮೇಲೆ ಹಾರ್ನ್. ಆ ಎರಡು ನಿಮಿಷದ ಹೆದರಿಕೆ ಇನ್ನೂ ನೆನಪಿದೆ. ಕೆಳಗೆ ಇಳಿಸಿಕೊಂಡು ಬಂದು ಮೆಕ್ಯಾನಿಕ್ ಹತ್ರ ಬಿಟ್ಟೆ. ಅವರು ಕೇಳಿದ ಮೊದಲ ಪ್ರಶ್ನೆ, "ಏನ್ ಸರ್, ಯಾವ ಆಯಿಲ್ ಹಾಕಿದ್ರಿ?" ಹೇಳಿದೆ. "ಕಾರಿಂದಾ?" ಅಂತ ನನ್ನ ಮುಖ ನೋಡಿದ್ರು, ಅಷ್ಟೇ. ಕ್ಲಚ್ ಪ್ಲೇಟ್, ಹೊಸ ಆಯಿಲ್, ಕೂಲಿ ಸೇರಿ ಎರಡು ಸಾವಿರ ದಾಟ್ತು. ನಾನೂರು ಉಳಿಸೋಕೆ ಹೋಗಿ ಎರಡು ಸಾವಿರ ಕಳೆದ ಕಾಮರ್ಸ್ ಪದವೀಧರ ನಿಮ್ಮ ಮುಂದಿದ್ದಾನೆ.

ಇಷ್ಟು ಒಳ್ಳೆ, ಇಷ್ಟು ದುಬಾರಿ ಆಯಿಲ್ ನನ್ನ ಬೈಕಿಗೆ ಯಾಕೆ ಆಗಿಬರಲಿಲ್ಲ? ಇದನ್ನು ಹುಡುಕುತ್ತಾ ಹೋದಾಗ ಗೊತ್ತಾಗಿದ್ದು, ಒಂದು ಲೀಟರ್ ಡಬ್ಬಿಯೊಳಗೆ ಎಷ್ಟು ಜಗಳ ನಡೀತಿದೆ ಅಂತ.

ಒಂದೇ ಎಣ್ಣೆ, ಮೂರು ಕೆಲಸ

ಕಾರಿನಲ್ಲಿ ಎಂಜಿನ್ ಆಯಿಲ್ ಎಂಜಿನ್‌ಗೆ ಮಾತ್ರ. ಗೇರ್‌ಬಾಕ್ಸಿಗೆ ಅದರದೇ ಬೇರೆ ಆಯಿಲ್. ಮ್ಯಾನುಯಲ್ ಗೇರಿನ ಕಾರಾದರೆ ಕ್ಲಚ್ ಸಾಮಾನ್ಯವಾಗಿ ಒಣಗಿರುತ್ತೆ, ಆಯಿಲ್ ಅದರ ಹತ್ತಿರವೂ ಸುಳಿಯೋದಿಲ್ಲ. ನಮ್ಮ ಬೈಕುಗಳಲ್ಲಿ ಹಾಗಲ್ಲ. ಎಂಜಿನ್, ಗೇರ್‌ಬಾಕ್ಸ್, ಕ್ಲಚ್ ಮೂರೂ ಒಂದೇ ಮನೆಯಲ್ಲಿ, ಒಂದೇ ಎಣ್ಣೆಯಲ್ಲಿ ಸಂಸಾರ ಮಾಡ್ತವೆ. ಎಣ್ಣೆಯಲ್ಲಿ ಮುಳುಗಿರೋದರಿಂದ ಇದಕ್ಕೆ ವೆಟ್ ಕ್ಲಚ್ ಅಂತ ಹೆಸರು.

ಈಗ ತಮಾಷೆ ನೋಡಿ. ಪಿಸ್ಟನ್‌ಗೆ ಬೇಕಾಗಿರೋದು ಜಾರುವಿಕೆ. ಕ್ಲಚ್ ಪ್ಲೇಟಿಗೆ ಬೇಕಾಗಿರೋದು ಹಿಡಿತ. ಎರಡಕ್ಕೂ ಸಿಗೋದು ಒಂದೇ ಎಣ್ಣೆ. ಕಾರಿನ ಆಯಿಲ್ ಮಾಡೋರಿಗೆ ಕ್ಲಚ್ಚಿನ ಚಿಂತೆ ಇಲ್ಲ. ಮೈಲೇಜ್ ಹೆಚ್ಚಿಸಬೇಕು, ಅದಕ್ಕೆ ಘರ್ಷಣೆಯನ್ನು ಇನ್ನಷ್ಟು ಇಳಿಸೋ ರಾಸಾಯನಿಕಗಳನ್ನು ಸೇರಿಸ್ತಾರೆ. ಇವನ್ನು ಫ್ರಿಕ್ಷನ್ ಮಾಡಿಫೈಯರ್ ಅಂತಾರೆ. ಮಾಲಿಬ್ಡಿನಂ ಇರುವ ಸಂಯುಕ್ತಗಳು ಇದರಲ್ಲಿ ಹೆಸರುವಾಸಿ. ಲೋಹದ ಮೇಲೆ ತೆಳುವಾದ, ನುಣುಪಾದ ಪದರ ಹಾಸ್ತವೆ. ಕಾರಿಗೆ ವರ. ಅದೇ ಪದರ ಬೈಕಿನ ಕ್ಲಚ್ ಪ್ಲೇಟುಗಳ ಮಧ್ಯೆ ಹೋದರೆ ಹಿಡಿತ ತಪ್ಪುತ್ತೆ. ಎಲ್ಲ ಬೈಕಿನಲ್ಲೂ ಮರುದಿನವೇ ಹೀಗಾಗುತ್ತೆ ಅಂತಲ್ಲ. ಪ್ಲೇಟು ಹೊಸದಿದ್ದು, ಸ್ಪ್ರಿಂಗ್ ಗಟ್ಟಿ ಇದ್ದರೆ ಎಷ್ಟೋ ದಿನ ಗೊತ್ತೇ ಆಗದಿರಬಹುದು. ನನ್ನದು ಮೂವತ್ತು ಸಾವಿರ ಕಿಲೋಮೀಟರ್ ಓಡಿದ ಗಾಡಿ, ಮೇಲಿಂದ ಇಬ್ಬರ ಭಾರ, ಏರು ರಸ್ತೆ. ಒಂದು ಸಲ ಜಾರಲು ಶುರುವಾದರೆ ಪ್ಲೇಟು ಬಿಸಿಯಾಗುತ್ತೆ, ಸುಡುತ್ತೆ, ಆಮೇಲೆ ಸರಿಯಾದ ಆಯಿಲ್ ಹಾಕಿದರೂ ಸುಟ್ಟ ಪ್ಲೇಟು ಸರಿಹೋಗಲ್ಲ.

ಕಾರುಗಳ ಎಣ್ಣೆ ಹೀಗೆ ದಿನೇ ದಿನೇ ಜಾರುತ್ತಾ ಹೋದಾಗ ಎಚ್ಚೆತ್ತವರು ಜಪಾನಿನವರು. ಅಲ್ಲಿನ ವಾಹನ ಮಾನದಂಡ ಸಂಸ್ಥೆ ಜಾಸೊ, 1998ರಲ್ಲಿ ಫೋರ್ ಸ್ಟ್ರೋಕ್ ದ್ವಿಚಕ್ರ ವಾಹನಗಳ ಆಯಿಲಿಗೇ ಅಂತ ಟಿ 903 ಅನ್ನೋ ಮಾನದಂಡ ತಂತು. ಎಂಎ ಅಂದ್ರೆ ಕ್ಲಚ್ ಹಿಡಿಯುವಂಥದ್ದು, ಎಂಬಿ ಅಂದ್ರೆ ಜಾರುವಂಥದ್ದು. 2006ರಲ್ಲಿ ಎಂಎಯನ್ನು ಮತ್ತೆ ಒಡೆದು ಎಂಎ1, ಎಂಎ2 ಮಾಡಿದರು. ಎಂಎ2ಗೆ ಹಿಡಿತ ಹೆಚ್ಚು. ಇವತ್ತು ಸ್ಪ್ಲೆಂಡರ್‌ನಿಂದ ಹಿಡಿದು ರಾಯಲ್ ಎನ್‌ಫೀಲ್ಡ್ ತನಕ ಗೇರ್ ಬೈಕುಗಳ ಕೈಪಿಡಿಯಲ್ಲಿ ಕಾಣೋದು ಇದೇ ಎಂಎ2.

ಪರೀಕ್ಷೆ ಹೇಗೆ ಅಂತೀರಾ? ಎಸ್ಎಇ ನಂಬರ್ 2 ಅನ್ನೋ ಯಂತ್ರದಲ್ಲಿ ಕ್ಲಚ್ ಪ್ಲೇಟುಗಳನ್ನು ಪರೀಕ್ಷೆಯ ಆಯಿಲ್‌ನಲ್ಲಿ ಮುಳುಗಿಸಿ, ಜೋರಾಗಿ ತಿರುಗಿಸಿ, ಒತ್ತಿ ನಿಲ್ಲಿಸ್ತಾರೆ. ಮತ್ತೆ ಮತ್ತೆ. ತಿರುಗುವಾಗ ಎಷ್ಟು ಹಿಡಿತ, ನಿಂತಾಗ ಎಷ್ಟು, ನಿಲ್ಲೋಕೆ ಎಷ್ಟು ಹೊತ್ತು ಅನ್ನೋ ಮೂರು ಅಳತೆ ತಗೊಂಡು, ಮೊದಲೇ ಗೊತ್ತಿರುವ ಎರಡು ಮಾದರಿ ಎಣ್ಣೆಗಳ ಜೊತೆ ಹೋಲಿಸಿ ಅಂಕ ಕೊಡ್ತಾರೆ. ನನಗೆ ಇದು ತುಂಬ ಇಷ್ಟವಾಯ್ತು. ಯಾಕಂದ್ರೆ ಇಲ್ಲಿ ಎಣ್ಣೆಯನ್ನು 'ಒಳ್ಳೇದು', 'ಕೆಟ್ಟದು' ಅಂತ ವಿಂಗಡಿಸಲ್ಲ. ಯಾರಿಗೆ ಒಳ್ಳೇದು ಅಂತ ಕೇಳ್ತಾರೆ.

ಸ್ಕೂಟರಿನವರು ಗಾಬರಿ ಆಗಬೇಡಿ. ಗೇರಿಲ್ಲದ ಸ್ಕೂಟರುಗಳಲ್ಲಿ ಬೆಲ್ಟು, ಒಣ ಕ್ಲಚ್ಚು, ಎರಡೂ ಎಂಜಿನ್ ಆಯಿಲ್‌ನಿಂದ ಹೊರಗಿರ್ತವೆ. ಅದಕ್ಕೇ ಆಕ್ಟಿವಾದಂಥ ಗಾಡಿಗೆ ಹೇಳೋದು ಎಂಬಿ. ಸ್ಕೂಟರಿಗೆ ಎಂಎ2 ಹಾಕಿದರೆ ಮೈಲೇಜ್ ಚೂರು ಕಡಿಮೆಯಾಗಬಹುದು ಅಷ್ಟೇ. ಬೈಕಿಗೆ ಎಂಬಿ ಹಾಕಿದರೆ ನನ್ನ ಕಥೆ.

ಹರಳೆಣ್ಣೆಯಿಂದ ರಸಾಯನದವರೆಗೆ

ಎತ್ತಿನ ಗಾಡಿ ಕಾಲದಲ್ಲಿ ಅಚ್ಚಿಗೆ ಹರಳೆಣ್ಣೆ ಸವರ್ತಿದ್ರು ಅಂತ ನಮ್ಮ ಅಜ್ಜ ಹೇಳ್ತಿದ್ರು. ಹಳ್ಳಿಯವರ ಉಪಾಯ ಅಂತ ಅಂದುಕೊಂಡಿದ್ದೆ. ಆದರೆ ಕ್ಯಾಸ್ಟ್ರಾಲ್ ಅನ್ನೋ ಹೆಸರು ಬಂದಿದ್ದೇ ಕ್ಯಾಸ್ಟರ್ ಆಯಿಲ್‌ನಿಂದ, ಅಂದ್ರೆ ಅದೇ ಹರಳೆಣ್ಣೆಯಿಂದ. 1909ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ವೇಕ್‌ಫೀಲ್ಡ್ ಅವರ ಕಂಪನಿ ಆ ಎಣ್ಣೆ ತಂದಾಗ ಅದರಲ್ಲಿ ಹರಳೆಣ್ಣೆ ಬೆರೆಸಿದ್ದರು. ಹರಳೆಣ್ಣೆ ಲೋಹಕ್ಕೆ ಚೆನ್ನಾಗಿ ಅಂಟಿಕೊಳ್ಳುತ್ತೆ. ಮೊದಲ ಮಹಾಯುದ್ಧದ ವಿಮಾನಗಳ ಎಂಜಿನ್ನುಗಳಿಗೂ ಅದನ್ನೇ ಹಾಕ್ತಿದ್ರು. ಕಷ್ಟ ಏನು ಅಂದ್ರೆ, ಬಿಸಿಯಲ್ಲಿ ಬೇಗ ಗಾಳಿ ಹಿಡಿದು ಗೋಂದಿನಂತಾಗುತ್ತೆ. ಬರೀ ಎಣ್ಣೆ ಸಾಲಲ್ಲ ಅನ್ನೋ ಪಾಠ ಅಲ್ಲೇ ಇದೆ.

ಇವತ್ತಿನ ಡಬ್ಬಿಯಲ್ಲಿ ಮುಕ್ಕಾಲು ಭಾಗಕ್ಕೂ ಹೆಚ್ಚು ಬೇಸ್ ಆಯಿಲ್. ಉಳಿದದ್ದು ಅಡಿಟಿವ್, ನಮ್ಮ ಮಾತಲ್ಲಿ ಹೇಳೋದಾದ್ರೆ ಮಸಾಲೆ. ಅಕ್ಕಿ ಎಲ್ಲರದ್ದೂ ಹೆಚ್ಚುಕಮ್ಮಿ ಒಂದೇ, ಬಿಸಿಬೇಳೆಬಾತಾ, ಪುಳಿಯೋಗರೆಯಾ ಅನ್ನೋದು ಪುಡಿಯ ಮೇಲೆ ನಿಂತಿದೆ, ಅಲ್ವಾ?

ಈ ಮಸಾಲೆಯಲ್ಲಿ ಡಿಟರ್ಜೆಂಟ್ ಇದೆ. ಸಾಮಾನ್ಯವಾಗಿ ಕ್ಯಾಲ್ಸಿಯಂ ಇರುವ ಈ ಸಂಯುಕ್ತ ಪೆಟ್ರೋಲ್ ಉರಿದಾಗ ಹುಟ್ಟುವ ಆಮ್ಲವನ್ನು ತಣಿಸುತ್ತೆ, ಪಿಸ್ಟನ್‌ಗೆ ಕೊಳೆ ಕೂರದಂತೆ ನೋಡಿಕೊಳ್ಳುತ್ತೆ. ಡಿಸ್ಪರ್ಸೆಂಟ್ ಇದೆ. ಮಸಿಯ ಕಣಗಳು ಒಂದಕ್ಕೊಂದು ಅಂಟಿ ಗಡ್ಡೆ ಕಟ್ಟದಂತೆ ಬಿಡಿಬಿಡಿಯಾಗಿ ಎಣ್ಣೆಯಲ್ಲೇ ತೇಲಿಸಿಟ್ಟುಕೊಳ್ಳುತ್ತೆ. ನೊರೆ ತಡೆಯೋಕೆ ಚಿಟಿಕೆಗಿಂತ ಕಮ್ಮಿ ಸಿಲಿಕೋನ್, ಎಣ್ಣೆ ಬೇಗ ಹಾಳಾಗದಿರೋಕೆ ಆಂಟಿ ಆಕ್ಸಿಡೆಂಟ್. ಹೀಗಾಗಿ, "ಆಯಿಲ್ ಕಪ್ಪಾಗಿದೆ, ಹಾಳಾಗಿದೆ" ಅನ್ನೋ ಮಾತು ಪೂರ್ತಿ ಸರಿಯಲ್ಲ. ಕೊಳೆಯನ್ನು ಎತ್ತಿ ತನ್ನಲ್ಲಿ ಇಟ್ಟುಕೊಂಡಿರೋದಕ್ಕೇ ಅದು ಕಪ್ಪು. ಹೆದರಬೇಕಾದ್ದು ಹಾಲು ಬೆರೆಸಿದ ಕಾಫಿಯ ಬಣ್ಣ ಬಂದಾಗ, ಅಂದ್ರೆ ನೀರು ಸೇರಿದೆ ಅಂತ. ಮಳೆಗಾಲದಲ್ಲಿ ನೀರು ನಿಂತ ಅಂಡರ್‌ಪಾಸಿನಲ್ಲಿ ಗಾಡಿ ಇಳಿಸಿದವರು ಒಮ್ಮೆ ನೋಡಿಕೊಳ್ಳಿ.

ಇನ್ನು ಆ 10ಡಬ್ಲ್ಯು-30 ಲೆಕ್ಕ. ಡಬ್ಲ್ಯು ಅಂದ್ರೆ ವಿಂಟರ್, ಚಳಿಗಾಲ. 10ಡಬ್ಲ್ಯು ಎಣ್ಣೆಯನ್ನು ಮೈನಸ್ 25 ಡಿಗ್ರಿಯಲ್ಲಿ ಪರೀಕ್ಷೆ ಮಾಡ್ತಾರೆ, ಆ ಚಳಿಯಲ್ಲೂ ಎಂಜಿನ್ ತಿರುಗುವಷ್ಟು ತೆಳು ಇರಬೇಕು. ನಮ್ಮಲ್ಲಿ ಎಲ್ಲಿದೆ ಅಷ್ಟು ಚಳಿ? ನಮಗೆ ಹೆಚ್ಚು ಮುಖ್ಯ ಬಲಗಡೆಯ ಸಂಖ್ಯೆ. 30 ಅಂದ್ರೆ 100 ಡಿಗ್ರಿ ಬಿಸಿಯಲ್ಲಿ ಸ್ನಿಗ್ಧತೆ 9.3ರಿಂದ 12.5 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. ನಲ್ಲಿ ನೀರಿನದು ಸುಮಾರು 1, ಅಂದ್ರೆ ಕುದಿಯೋ ಬಿಸಿಯಲ್ಲೂ ಈ ಎಣ್ಣೆ ನೀರಿಗಿಂತ ಹತ್ತು ಪಟ್ಟು ಮಂದ. 40 ಅಂದ್ರೆ 12.5ರಿಂದ 16.3. 50 ಅಂದ್ರೆ ಇನ್ನೂ ಮೇಲೆ.

ತಣ್ಣಗಿದ್ದಾಗ ತೆಳು, ಬಿಸಿಯಾದಾಗ ಮಂದ, ಎರಡೂ ಒಂದೇ ಎಣ್ಣೆಯಲ್ಲಿ ಹೇಗೆ? ಇಲ್ಲೂ ಮಸಾಲೆಯದೇ ಕೈವಾಡ. ಉದ್ದುದ್ದ ಪಾಲಿಮರ್ ಎಳೆಗಳು ಚಳಿಯಲ್ಲಿ ಮುದುಡಿ ಮಲಗಿರ್ತವೆ, ಬಿಸಿಯಲ್ಲಿ ಕೈಕಾಲು ಚಾಚಿಕೊಂಡು ಎಣ್ಣೆ ತೀರಾ ನೀರಾಗದಂತೆ ತಡೀತವೆ. ಬೈಕಿನ ಕಷ್ಟ ಮತ್ತೆ ಇಲ್ಲೇ. ಗೇರಿನ ಹಲ್ಲುಗಳ ಮಧ್ಯೆ ಸಿಕ್ಕಿ ಈ ಎಳೆಗಳು ಕತ್ತರಿಸಿಹೋಗ್ತವೆ. ಹೊಸದಾಗಿ ಹಾಕಿದಾಗ 40 ಇದ್ದದ್ದು ಓಡುತ್ತಾ ಓಡುತ್ತಾ 30ರ ಮಟ್ಟಕ್ಕೆ ಇಳೀಬಹುದು. ಅದಕ್ಕೇ ಜಾಸೊ ಈ ಕತ್ತರಿಯನ್ನು ಎಷ್ಟು ತಡೆದುಕೊಳ್ಳುತ್ತೆ ಅಂತಲೂ ಅಳೆಯುತ್ತೆ.

"ಎಂಜಿನ್ ಸೌಂಡ್ ಬರ್ತಿದೆ, 20ಡಬ್ಲ್ಯು-50 ಹಾಕ್ಬಿಡಿ" ಅಂತ ಸಲಹೆ ಕೊಡೋರು ಊರಿಗೊಬ್ಬರು ಇದ್ದಾರೆ. ಸದ್ದು ತಗ್ಗಬಹುದು. ಆದರೆ 10ಡಬ್ಲ್ಯು-30ಕ್ಕೆ ಅಂತ ಮಾಡಿದ ಎಂಜಿನ್‌ಗೆ ಮಂದ ಎಣ್ಣೆ ತಳ್ಳೋದೇ ಒಂದು ಕೆಲಸ, ಮೈಲೇಜ್ ಹೋಗುತ್ತೆ. ನಾನಂತೂ ಕೈಪಿಡಿಯ ಪಕ್ಷ.

0.08 ಅನ್ನೋ ಗಡಿ

ನನಗೆ ತೀರಾ ಬೆರಗು ಹುಟ್ಟಿಸಿದ್ದು ಒಂದೇ ಒಂದು ಸಂಖ್ಯೆ. ಝಡ್‌ಡಿಡಿಪಿ ಅನ್ನೋ ಅಡಿಟಿವ್ ಇದೆ. ಸತು, ರಂಜಕ, ಗಂಧಕ ಸೇರಿದ ಸಂಯುಕ್ತ. 1940ರ ದಶಕದಿಂದಲೂ ಬಳಕೆಯಲ್ಲಿದೆ. ಎರಡು ಲೋಹಗಳು ಒತ್ತಡದಲ್ಲಿ ಉಜ್ಜಿಕೊಂಡಾಗ ಇದು ಗಾಜಿನಂಥ ತೆಳು ಪದರವಾಗಿ ಕೂರುತ್ತೆ. ಸವೆಯೋದು ಆ ಪದರ, ಲೋಹ ಅಲ್ಲ. ಮತ್ತೆ ಹೊಸ ಪದರ ಬೆಳೆಯುತ್ತೆ. ಮೊದಮೊದಲು ಇದನ್ನು ಸೇರಿಸಿದ್ದು ತುಕ್ಕು, ಆಕ್ಸಿಡೀಕರಣ ತಡೆಯೋಕೆ. ಸವೆತ ತಡೆಯೋ ಗುಣ ಗೊತ್ತಾಗಿದ್ದು ಆಮೇಲೆ.

ತೊಂದರೆ ಏನು? ಎಂಜಿನ್ ಸ್ವಲ್ಪ ಸ್ವಲ್ಪ ಆಯಿಲ್ ಸುಡುತ್ತಲೇ ಇರುತ್ತೆ. ಅದರ ರಂಜಕ ಹೊಗೆಯ ಜೊತೆ ಹೋಗಿ ಸೈಲೆನ್ಸರ್ ದಾರಿಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಮೇಲೆ ಕೂರುತ್ತೆ. ವಿಷಾನಿಲವನ್ನು ಶುದ್ಧ ಮಾಡಬೇಕಾದ ಆ ಸಾಧನ ನಿಧಾನಕ್ಕೆ ಕುರುಡಾಗುತ್ತೆ. ಅದಕ್ಕೇ 2004ರ ಹೊತ್ತಿಗೆ 20, 30 ದರ್ಜೆಯ ಕಾರಿನ ಆಯಿಲ್‌ಗಳಲ್ಲಿ ರಂಜಕ ಶೇಕಡಾ 0.08 ಮೀರಬಾರದು ಅಂತ ಗಡಿ ಹಾಕಿದ್ರು. ಬೈಕಿನ ಜಾಸೊ ಮಾನದಂಡ ಏನು ಹೇಳುತ್ತೆ ಗೊತ್ತಾ? ರಂಜಕ 0.08ಕ್ಕಿಂತ ಕಮ್ಮಿ ಇರಬಾರದು, 0.12 ದಾಟಬಾರದು. ಕಾರಿನ ಗರಿಷ್ಠ ಎಲ್ಲಿ ಮುಗಿಯುತ್ತೋ ಅಲ್ಲಿ ಬೈಕಿನ ಕನಿಷ್ಠ ಶುರು! ಬೈಕಿನ ಎಣ್ಣೆ ಗೇರಿನ ಹಲ್ಲುಗಳನ್ನೂ ಕಾಯಬೇಕಲ್ಲ, ಅದಕ್ಕೆ.

2020ರ ಏಪ್ರಿಲ್ 1ರಿಂದ ಬಿಎಸ್6 ಬಂದ ಮೇಲೆ ನಮ್ಮ ಬೈಕುಗಳ ಕನ್ವರ್ಟರುಗಳ ಮೇಲೂ ಹೊಣೆ ಹೆಚ್ಚಾಗಿದೆ. ಗೇರ್ ಉಳಿಸಬೇಕಾ, ಗಾಳಿ ಉಳಿಸಬೇಕಾ ಅನ್ನೋ ಈ ಎಳೆದಾಟ ಆ 0.08 ಮತ್ತು 0.12ರ ಮಧ್ಯೆ ನಡೀತಿದೆ. ಅಂಗಡಿಯಲ್ಲಿ ಚಿಕ್ಕ ಬಾಟಲಿಯಲ್ಲಿ ಮಾರೋ 'ಎಕ್ಸ್‌ಟ್ರಾ ಅಡಿಟಿವ್' ಬಗ್ಗೆ ನನಗೆ ಅನುಮಾನ ಇರೋದೂ ಇದಕ್ಕೇ. ಇಷ್ಟು ತೂಕ ಮಾಡಿ ಕೂಡಿಸಿದ ಮಸಾಲೆಗೆ ಮೇಲಿಂದ ಇನ್ನೊಂದು ಹಿಡಿ ಪುಡಿ ಸುರಿದ ಹಾಗೆ. ಮಾರೋರು ತಿರುಗೋ ಉಂಗುರಕ್ಕೆ ಸನ್ನೆಗೋಲು ಒತ್ತಿ ತೋರಿಸೋ ಡೆಮೊ ನೋಡಿರ್ತೀರಿ. ಅದರಲ್ಲಿ ಕ್ಲೋರಿನ್ ಇರುವ ರಾಸಾಯನಿಕ ಸುಲಭಕ್ಕೆ ಗೆಲ್ಲುತ್ತೆ, ಎಂಜಿನ್ ಒಳಗೆ ಅದೇ ತುಕ್ಕು ಹಿಡಿಸಬಹುದು. ಎಂಜಿನ್ ಆಯಿಲ್‌ನ ನಿಜವಾದ ಪರೀಕ್ಷೆ ನಿಜವಾದ ಎಂಜಿನ್ನಿನಲ್ಲೇ ಗಂಟೆಗಟ್ಟಲೆ ನಡೆಯುತ್ತೆ. ಅಮೆರಿಕದ ವ್ಯಾಪಾರ ಆಯೋಗ 1990ರ ದಶಕದಲ್ಲಿ ಸ್ಲಿಕ್ 50 ಅನ್ನೋ ಇಂಥ ಒಂದು ಅಡಿಟಿವ್‌ನ ಜಾಹೀರಾತಿನ ಮೇಲೆ ಕ್ರಮ ತಗೊಂಡಿತ್ತು.

ಹಾಗಾದ್ರೆ ಅಂಗಡಿಯಲ್ಲಿ ಏನು ನೋಡಬೇಕು? ಡಬ್ಬಿ ತಿರುಗಿಸಿ. ಜಾಸೊ ಎಂಎ2 ಅಂತ ಇದೆಯಾ ನೋಡಿ. ಎಪಿಐ ಅನ್ನೋ ದುಂಡು ಗುರುತಿನ ಕೆಳಭಾಗದಲ್ಲಿ 'ರಿಸೋರ್ಸ್ ಕನ್ಸರ್ವಿಂಗ್' ಅಂತ ಇದ್ದರೆ ಅದು ಕಾರಿನದು, ಗೇರ್ ಬೈಕಿಗೆ ಬೇಡ. ಭಾವನ ಡಬ್ಬಿಯ ಮೇಲೂ ಅದು ಇತ್ತು, ನಾನು ನೋಡಿರಲಿಲ್ಲ. ಸಿಂಥೆಟಿಕ್ ಹಾಕಿದ್ರೆ ಕ್ಲಚ್ ಜಾರುತ್ತೆ ಅಂತ ಹೇಳೋರನ್ನು ನಂಬಬೇಡಿ. ತಪ್ಪು ಸಿಂಥೆಟಿಕ್‌ನದಲ್ಲ, ಅದರೊಳಗಿನ ಮಸಾಲೆಯದು. ಎಂಎ2 ಇರುವ ಫುಲ್ ಸಿಂಥೆಟಿಕ್ ಧಾರಾಳವಾಗಿ ಹಾಕಬಹುದು.

ಡೆಲಿವರಿ ಮಾಡೋ ಕೇಳುಗರು ತುಂಬ ಜನ ಇದ್ದೀರಿ, ನಿಮಗಾಗಿ ಒಂದು ಲೆಕ್ಕ. ದಿನಕ್ಕೆ 100 ಕಿಲೋಮೀಟರ್ ಓಡಿಸಿ, 3000ಕ್ಕೆ ಒಮ್ಮೆ ಆಯಿಲ್ ಬದಲಾಯಿಸಿದರೆ ತಿಂಗಳಿಗೊಂದು ಡಬ್ಬಿ. ನಾನೂರು ರೂಪಾಯಿ ಅಂತಿಟ್ಟುಕೊಂಡರೆ ಕಿಲೋಮೀಟರಿಗೆ 13 ಪೈಸೆ ಚಿಲ್ಲರೆ. ಇಲ್ಲಿ ಉಳಿಸೋಕೆ ಹೋಗೋದು ಲಾಭದ ವ್ಯವಹಾರ ಅಲ್ಲ. ಅದರಲ್ಲೂ ಸೀಲ್ ಅನುಮಾನ ಬರುವಂತಿದ್ದು ಅರ್ಧ ರೇಟಿಗೆ ಸಿಗೋ ಬ್ರ್ಯಾಂಡೆಡ್ ಡಬ್ಬಿ ಮುಟ್ಟಲೇಬೇಡಿ.

ಹಳೇ ಎಣ್ಣೆ ಎಲ್ಲಿಗೆ ಹೋಗುತ್ತೆ?

ಇದರ ಬಗ್ಗೆ ನಾವ್ಯಾರೂ ಕೇಳೋದೇ ಇಲ್ಲ. ನಾನು ಮನೆ ಮುಂದೆ ಆಯಿಲ್ ಚೇಂಜ್ ಮಾಡಿದೆ ಅಂದ್ನಲ್ಲ, ಬಸಿದ ಕಪ್ಪು ಎಣ್ಣೆಯನ್ನು ಏನು ಮಾಡಿದೆ? ಚರಂಡಿಗೆ ಸುರಿದೆ. ಹೇಳೋಕೆ ನಾಚಿಕೆಯಾಗುತ್ತೆ, ಆದ್ರೂ ಹೇಳ್ತಿದ್ದೀನಿ.

ಆ ಎಣ್ಣೆಯಲ್ಲಿ ಮಸಿ ಮಾತ್ರ ಇರಲ್ಲ. ಸವೆದ ಲೋಹ, ಸತು, ಪೆಟ್ರೋಲಿನ ಅಂಶ, ಉರಿದಾಗ ಹುಟ್ಟಿದ ಕ್ಯಾನ್ಸರ್‌ಕಾರಕ ಹೈಡ್ರೋಕಾರ್ಬನ್‌ಗಳು ಎಲ್ಲ ಇರ್ತವೆ. ಒಂದು ಕಾರಿನ ಒಂದು ಸಲದ ಆಯಿಲ್ ಹತ್ತು ಲಕ್ಷ ಗ್ಯಾಲನ್ ಸಿಹಿನೀರನ್ನು ಕೆಡಿಸಬಲ್ಲದು ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಹೇಳುತ್ತೆ. ಅಂದ್ರೆ ಸುಮಾರು 38 ಲಕ್ಷ ಲೀಟರ್. ಬೆಂಗಳೂರಿನ ಭಾಷೆಯಲ್ಲಿ ಹೇಳೋದಾದ್ರೆ 6000 ಲೀಟರಿನ 630 ಟ್ಯಾಂಕರ್ ನೀರು. ಬೇಸಿಗೆಯಲ್ಲಿ ಒಂದು ಟ್ಯಾಂಕರಿಗೆ ಫೋನ್ ಮಾಡಿ ಕಾದವರಿಗೆ ಇದರ ಬೆಲೆ ಗೊತ್ತು.

ಚರಂಡಿಗೆ ಹೋಗದ್ದು ಎಲ್ಲಿಗೆ ಹೋಗುತ್ತೆ? ನಮ್ಮೂರುಗಳಲ್ಲಿ ವೇಸ್ಟ್ ಆಯಿಲ್‌ಗೆ ಗಿರಾಕಿಗಳು ಬಹಳ. ಸೆಂಟ್ರಿಂಗ್ ಶೀಟಿಗೆ ಕಾಂಕ್ರೀಟ್ ಅಂಟದಿರಲಿ ಅಂತ ಸವರ್ತಾರೆ. ಬೇಲಿ ಗೂಟಕ್ಕೆ ಗೆದ್ದಲು ಹತ್ತದಿರಲಿ ಅಂತ ಬಳೀತಾರೆ. ಬೈಕಿನ ಚೈನಿಗೆ ಹುಯ್ಯೋರೂ ಇದ್ದಾರೆ, ಅದರಲ್ಲಿರೋ ಲೋಹದ ಪುಡಿ ಚೈನನ್ನೇ ತಿನ್ನುತ್ತೆ. ಕುಲುಮೆ, ಗೂಡುಗಳಲ್ಲಿ ಉರಿಸಿದರಂತೂ ಲೋಹವೆಲ್ಲ ಗಾಳಿಗೆ. ಬರಿಗೈಯಲ್ಲಿ ದಿನವಿಡೀ ಇದನ್ನೇ ಮುಟ್ಟೋ ಗ್ಯಾರೇಜ್ ಹುಡುಗರ ಚರ್ಮದ ಬಗ್ಗೆ ಯಾರೂ ಮಾತಾಡಲ್ಲ.

ವಿಚಿತ್ರ ಅಂದ್ರೆ ಇದು ಕಸವೇ ಅಲ್ಲ. ಸವೆಯೋದು ಹೆಚ್ಚಾಗಿ ಮಸಾಲೆ, ಬೇಸ್ ಆಯಿಲ್‌ನ ಬಹುಪಾಲು ಹಾಗೇ ಇರುತ್ತೆ. ನೀರು ತೆಗೆದು, ನಿರ್ವಾತದಲ್ಲಿ ಭಟ್ಟಿ ಇಳಿಸಿ, ಹೈಡ್ರೋಜನ್ ಹಾಯಿಸಿ ಶುದ್ಧ ಮಾಡಿದರೆ ಮತ್ತೆ ಬೇಸ್ ಆಯಿಲ್. ಅದೇ ಅಮೆರಿಕದ ಸಂಸ್ಥೆಯ ಲೆಕ್ಕದಲ್ಲಿ ಒಂದು ಗ್ಯಾಲನ್, ಅಂದ್ರೆ ಸುಮಾರು 3.8 ಲೀಟರ್ ಹಳೇ ಎಣ್ಣೆಯಿಂದ 2.4 ಲೀಟರಿನಷ್ಟು ಹೊಸ ಲೂಬ್ರಿಕೆಂಟ್ ಸಿಗುತ್ತೆ. ಕಚ್ಚಾ ತೈಲದಿಂದ ಅಷ್ಟನ್ನೇ ತೆಗೆಯೋಕೆ ಒಂದು ಬ್ಯಾರಲ್, ಹತ್ತಿರ ಹತ್ತಿರ 159 ಲೀಟರ್ ಬೇಕು. ಕಚ್ಚಾ ತೈಲದ ಬಹುಪಾಲನ್ನು ಆಮದು ಮಾಡಿಕೊಳ್ಳೋ ದೇಶ ನಮ್ಮದು, ಚರಂಡಿಗೆ ಸುರೀತಿದ್ದೀವಿ.

ಕಾನೂನು ಇದೆ. ಬಳಸಿದ ಎಣ್ಣೆ ಅಪಾಯಕಾರಿ ತ್ಯಾಜ್ಯದ ನಿಯಮಗಳಡಿ ಬರುತ್ತೆ, ಅದನ್ನು ಮರುಸಂಸ್ಕರಿಸಲು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಬೇಕು. 2023ರಲ್ಲಿ ತಂದ ತಿದ್ದುಪಡಿ 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಎಣ್ಣೆ ತಯಾರಿಸುವ, ಆಮದು ಮಾಡುವ ಕಂಪನಿಗಳೇ ಹಳೇ ಎಣ್ಣೆಯ ಮರುಬಳಕೆಗೆ ಹೊಣೆ. ಗುರಿ ಶೇಕಡಾ 5ರಿಂದ ಶುರುವಾಗಿ ಹಂತಹಂತವಾಗಿ 50ಕ್ಕೆ ಏರಬೇಕು. ಕಾಗದದ ಮೇಲೆ ಒಳ್ಳೇದೇ. ಆದರೆ ಬೀದಿ ಬದಿಯ ಸಾವಿರಾರು ಸಣ್ಣ ಗ್ಯಾರೇಜುಗಳಿಂದ, ಒಂದೊಂದು ಲೀಟರಿನ ಲೆಕ್ಕದಲ್ಲಿ, ಅದನ್ನು ಯಾರು ಎತ್ತಿಕೊಂಡು ಹೋಗ್ತಾರೆ? ಹೆಚ್ಚು ದುಡ್ಡು ಕೊಡೋ ಗಿರಾಕಿ ಪಕ್ಕದಲ್ಲೇ ಇರುವಾಗ ಅನುಮತಿ ಇರುವ ಘಟಕದ ತನಕ ಅದು ತಲುಪೋದು ಹೇಗೆ? ನನ್ನ ಪ್ರಕಾರ ಗಂಟು ಇರೋದು ಅಲ್ಲೇ.

ನಮ್ಮ ಕೈಲಿರೋದು ಎರಡು ಸಣ್ಣ ಕೆಲಸ. ಮನೆಯಲ್ಲಿ ಆಯಿಲ್ ಬದಲಾಯಿಸಿದರೆ ಬಸಿದದ್ದನ್ನು ಹಳೇ ಡಬ್ಬಿಗೇ ತುಂಬಿ, ಹಳೇ ಎಣ್ಣೆಯನ್ನು ಅನುಮತಿ ಪಡೆದವರಿಗೆ ಕೊಡುವ ಸರ್ವೀಸ್ ಸೆಂಟರಿಗೆ ಒಪ್ಪಿಸಿ. ಕೊಡೋ ಮೊದಲು "ಇದನ್ನ ಯಾರಿಗೆ ಕೊಡ್ತೀರಾ?" ಅಂತ ಕೇಳಿ. ಗ್ಯಾರೇಜಿನಲ್ಲೇ ಹಾಕಿಸಿದರೆ ಖಾಲಿ ಡಬ್ಬಿಗೆ ಸ್ಕ್ರೂಡ್ರೈವರ್‌ನಿಂದ ಒಂದು ತೂತು ಮಾಡಿಸಿ, ಅದೇ ಡಬ್ಬಿ ನಕಲಿ ಎಣ್ಣೆ ತುಂಬಿಕೊಂಡು ಮತ್ತೆ ಅಂಗಡಿಗೆ ಬರಬಾರದು. ನಮ್ಮ ಮೆಕ್ಯಾನಿಕ್ ಅಣ್ಣ ಮೊದಲ ಸಲ ನಕ್ಕರು. ಈಗ ನಾನು ಹೋದ ಕೂಡಲೇ ಸ್ಕ್ರೂಡ್ರೈವರ್ ಅವರೇ ಕೊಡ್ತಾರೆ.

ಭಾವನ ಡಬ್ಬಿಯಲ್ಲಿ ಉಳಿದಿದ್ದ ಅರ್ಧ ಲೀಟರ್ ಅವರ ಕಾರಿಗೇ ವಾಪಸ್ ಹೋಯ್ತು. ನಿಮ್ಮ ಬೈಕಿನ ಕೈಪಿಡಿಯಲ್ಲಿ ಏನಿದೆ, ಡಬ್ಬಿಯಲ್ಲಿ ಏನಿದೆ, ಎರಡರ ಫೋಟೊ ತೆಗೆದು ಕಳಿಸಿ. ಹೊಂದದೇ ಇರೋದನ್ನ ಮುಂದಿನ ವಾರ ಮಾತಾಡೋಣ.